ಫೋಟೊದಲ್ಲಿ ನಡುವಿನ ಕುರ್ಚಿ

ಮುಂಬಯಿ ಹತ್ತಿರದ ಕಲ್ಯಾಣ ಪೂರ್ವದ ಕೋಳಸೇವಾಡಿಯ ಸಾಲುಮನೆಯ ಚಾಳುಗಳಲ್ಲಿ ಹೆಂಡತಿಯ ಮೇಲೆ ಕೈಯೆತ್ತುವ ಗಂಡಸರು ಪೊಲೀಸರಿಗಿಂತ ಕಾಂಚನಾಳಿಗೆ ಹೆಚ್ಚು ಹೆದರುತ್ತಿದ್ದರು. ಆಕೆ ಕೂಗಾಡುವವಳಲ್ಲ. ಜಗಳ ಕೇಳಿಸಿದ ಮನೆಯ ಹೊಸ್ತಿಲ ಮೇಲೆ ಬಂದು ಕೂತುಬಿಡುತ್ತಿದ್ದಳು. "ನಡೀಲಿ ಅಣ್ಣಾ, ನಿಮ್ಮದು ಮುಗೀಲಿ. ನಂಗೇನೂ ಅವಸರ ಇಲ್ಲ" ಎನ್ನುತ್ತಿದ್ದಳು. ಪರರ ಕಣ್ಣೆದುರು ಹೊಡೆಯಲು ಎಷ್ಟೇ ಕುಡಿದವನಿಗೂ ಕೈ ಬರುವುದಿಲ್ಲ ಎಂಬುದು ಆಕೆ ಕಂಡುಕೊಂಡಿದ್ದ ಸತ್ಯ. ಕಲಬುರಗಿ, ವಿಜಯಪುರ, ರಾಯಚೂರಿನ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಹೆಂಗಸರು ಕೂಲಿ ಕೊಡದ ಮೇಸ್ತ್ರಿ ಮುಕಾದಮನಿಂದ ಹಿಡಿದು ಹೆರಿಗೆಗೆ ಸೇರಿಸಿಕೊಳ್ಳದ ಆಸ್ಪತ್ರೆಯ ತನಕ ಯಾವ ತೊಡಕು ಬಂದರೂ ಮೊದಲು ಆಕೆಯ ಖೋಲಿಯ ಬಾಗಿಲು ಬಡಿಯುತ್ತಿದ್ದರು.

ಕಾಂಚನಾಳನ್ನು ಬೆಳೆಸಿದವಳು ಚಿಗವ್ವ ಗುರಮ್ಮ, ತಾಯಿಯ ತಂಗಿ. ಹೆತ್ತವ್ವ ಭಿವಂಡಿಯಲ್ಲಿ ಕಟ್ಟಡ ಕೆಲಸಕ್ಕೆ ಹೋದಾಗ ಸೆಂಟ್ರಿಂಗ್ ಕುಸಿದು ಸತ್ತಿದ್ದಳು. ಅಪ್ಪ ಹೆಣದ ಜೊತೆ ಜೇವರ್ಗಿಗೆ ಹೋದವನು ಅಲ್ಲೇ ಇನ್ನೊಂದು ಮದುವೆ ಮಾಡಿಕೊಂಡು ಉಳಿದ. ಹಾಲು ಬಿಡದ ಕೂಸನ್ನು ಗುರಮ್ಮ ಸೆರಗಿಗೆ ಕಟ್ಟಿಕೊಂಡು ಇಟ್ಟಿಗೆ ಹೊತ್ತಳು. ಅವಳ ಗಂಡನಿಗೆ ಅದು ಸೇರಲಿಲ್ಲ. "ಆ ಕೂಸರೆ ಇರಬೇಕು, ಇಲ್ಲಾ ನಾನರೆ ಇರಬೇಕು" ಎಂದು ಒಂದು ದಿನ ಬಾಗಿಲಲ್ಲಿ ನಿಂತ. ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾದ್ರ ನೀನೇ ನಡಿ" ಎಂದಳು. ಅವನು ಹೋದ. ಗುರಮ್ಮನಿಗೆ ಸ್ವಂತ ಮಕ್ಕಳು ಆಗಲಿಲ್ಲ. ಕೂಸಿಗಾಗಿ ಗಂಡನನ್ನು ಬಿಟ್ಟ ಮಾತನ್ನು ಅವಳು ಎಂದೂ ಕಾಂಚನಾಳ ಮುಂದೆ ಆಡಿ ತೋರಿಸಿದವಳಲ್ಲ. ಚಾಳಿನವರು ಹೇಳಿದ್ದರಿಂದ ಕಾಂಚನಾಳಿಗೆ ಗೊತ್ತಾಗಿತ್ತು.

ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಕಲಿತು, ರಿಕ್ಷಾ ಓಡಿಸುವ ಅಂಬಾದಾಸನನ್ನು ಮದುವೆಯಾಗಿ, ಮಗಳು ತೃಷಾ ಹುಟ್ಟಿದ ಮೇಲೆ ಅಂಚೆಯ ಮೂಲಕ ಬಿ.ಎ. ಮುಗಿಸಿಕೊಂಡ ಕಾಂಚನಾಳನ್ನು ಒಂದು ವರ್ಷ ಮಹಿಳಾ ದಿನಕ್ಕೆ ಡೊಂಬಿವಲಿಯ ಕನ್ನಡದವರ ಸಂಘವೊಂದು ಕರೆದು ಶಾಲು ಹೊದಿಸಿತು. ಅಲ್ಲಿ ಆಕೆಗೆ ಸಿಕ್ಕಿದವರು ಪುಂಡರೀಕಾಕ್ಷ ರಾಯರು. ಮೂಲ ಉಡುಪಿ ಕಡೆಯವರು. ಅಪ್ಪ ಸ್ಟೇಶನ್ ಪಕ್ಕ ಹೋಟೆಲ್ ನಡೆಸಿದವರು, ಇವರು ಓದಿ ಅಧಿಕಾರಿಯಾದವರು. ಜನಹಕ್ಕು ಆಯೋಗ ಎಂಬ ಸರ್ಕಾರಿ ಸಂಸ್ಥೆಯ ಪಶ್ಚಿಮ ಪೀಠ ನವಿ ಮುಂಬಯಿಯ ಬೇಲಾಪುರದಲ್ಲಿದೆ. ಪೊಲೀಸರಿಂದ, ಮಾಲೀಕರಿಂದ, ಸರ್ಕಾರದಿಂದ ಅನ್ಯಾಯವಾದವರು ಹೋಗಿ ದೂರು ಕೊಡಬೇಕಾದ ಜಾಗ ಅದು. ರಾಯರು ಅದರ ಕಾರ್ಯದರ್ಶಿ.

"ನಮ್ಮಲ್ಲಿ ಸದಸ್ಯರು ಎಲ್ಲ ಗಂಡಸರೇ. ರಿಟೈರ್ಡ್ ಜಡ್ಜು, ರಿಟೈರ್ಡ್ ಪೊಲೀಸು, ರಿಟೈರ್ಡ್ ಕಲೆಕ್ಟರು" ಎಂದು ರಾಯರು ಮುಚ್ಚುಮರೆಯಿಲ್ಲದೆ ಹೇಳಿದರು. "ಬೇರೆ ಬೇರೆ ದೇಶದ ಆಯೋಗದವರು ಕೆಲವು ವರ್ಷಕ್ಕೊಮ್ಮೆ ಬಂದು ನಮ್ಮನ್ನು ನೋಡಿ ದರ್ಜೆ ಕೊಡುದು ಉಂಟು. ಕಳೆದ ಸಲ ಕೊಡ್ಲಿಲ್ಲ. ಹೆಂಗಸರು ಎಲ್ಲಿ, ಬಡವರ ಪೈಕಿ ಯಾರಿದ್ದಾರೆ ಅಂತ ಕೇಳಿದ್ರು. ಅವರು ಕೇಳಿದ್ದು ತಪ್ಪೂ ಅಲ್ಲ. ನೀವು ವಿಶೇಷ ಸದಸ್ಯೆ ಆಗಿ ಬರ್ಬೇಕು ಮಾರಾಯ್ರೆ."

"ನಾ ಅಲ್ಲಿ ಬಂದು ಏನ್ ಮಾಡ್ಲಿರಿ?"

"ಇಲ್ಲಿ ಎಂತ ಮಾಡ್ತಿದ್ದೀರೋ ಅದನ್ನೇ."

ಆ ಮಾತು ಆಕೆಗೆ ಹಿಡಿಸಿತು. ಹೊಸ್ತಿಲ ಮೇಲೆ ಕೂತು ಎಷ್ಟು ಮನೆ ಕಾಯಲಾದೀತು? ಒಳಗೆ ಒಂದು ಕುರ್ಚಿ ಸಿಕ್ಕರೆ ಸಾವಿರ ಮನೆಗೆ ಆಗುತ್ತದೆ ಎಂದುಕೊಂಡಳು. ಒಪ್ಪಿದಳು.

ಮೊದಲ ಸಭೆಯ ದಿನ ಫೋಟೊ ತೆಗೆದರು. ಆಕೆ ಉಟ್ಟು ಬಂದಿದ್ದು ತೃಷಾ ಆರಿಸಿಕೊಟ್ಟ ತಿಳಿಬಣ್ಣದ ಸೀರೆ. ರಾಯರು ನೋಡಿ, ಮುಂದಿನ ಸಲ ಊರ ಕಡೆಯ ಇಳಕಲ್ ಸೀರೆ ಉಟ್ಟರೆ ಚಂದ ಎಂದರು. ಅಧ್ಯಕ್ಷರ ಪಕ್ಕ, ನಟ್ಟನಡುವೆ, ಆಕೆಯನ್ನು ಕೂರಿಸಿದರು. ಫೋಟೊ ಮುಗಿದು ಸಭೆ ಶುರುವಾದಾಗ ಆಕೆಯ ಜಾಗ ಮೇಜಿನ ತುದಿಯಲ್ಲಿ, ಬಾಗಿಲ ಬಳಿಯಿತ್ತು. ಮತ ಹಾಕುವ ಅಧಿಕಾರ ವಿಶೇಷ ಸದಸ್ಯರಿಗಿಲ್ಲ ಎಂದು ಅಂದೇ ತಿಳಿಯಿತು. ಚಹಾದ ಹೊತ್ತಿಗೆ ಪೊಲೀಸ್ ಖಾತೆಯಿಂದ ನಿವೃತ್ತರಾದ ಸದಸ್ಯರು ರಾಯರ ಬೆನ್ನು ತಟ್ಟಿ ಹಿಂದಿಯಲ್ಲಿ ತಮಾಷೆ ಮಾಡಿದರು: "ಹೆಂಗಸು, ದಲಿತೆ, ವಲಸೆ ಬಂದವಳು, ಬೇರೆ ಭಾಷೆಯವಳು. ಒಂದೇ ಟಿಕೇಟಿನಲ್ಲಿ ನಾಲ್ಕು ಸ್ಟೇಶನ್ ದಾಟಿಸಿಬಿಟ್ಟೆಯಲ್ಲ!" ಎಲ್ಲರೂ ನಕ್ಕರು. ಕಾಂಚನಾಳೂ ನಕ್ಕಳು. ಠಾಣೆ ಸ್ಟೇಶನ್ನಿನಲ್ಲಿ ಟ್ರೇನು ಬದಲಿಸಿ ಕಲ್ಯಾಣ ಮುಟ್ಟುವ ತನಕ, ತಾನೇಕೆ ನಕ್ಕೆ ಎಂಬುದು ಆಕೆಯ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

ಮನೆಯಲ್ಲಿ ಮಾತ್ರ ಹಬ್ಬ. ತೃಷಾ ಫೋಟೊವನ್ನು ಸ್ಟೇಟಸ್‌ಗೆ ಹಾಕಿಕೊಂಡಿದ್ದಳು. ಗುರಮ್ಮ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇಷ್ಟ್ ಮಂದಿ ಗಣಮಕ್ಕಳ ನಡುವ ಒಬ್ಬಾಕಿನೇ ಕೂತೀಯಲ್ಲ, ಅಂಜಿಕಿ ಬರಲಿಲ್ಲೇನ?" ಎಂದಳು. ದನಿಯಲ್ಲಿ ಹೆಮ್ಮೆಯಿತ್ತು.

ಗುರಮ್ಮ ಆಗ ಭಿವಂಡಿ ರಸ್ತೆಯ ಒಂದು ದೊಡ್ಡ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಊರಿನ ಹೆಂಗಸರು ಬಹಳ ಮಂದಿ ಅಲ್ಲಿದ್ದರು. ಅವರನ್ನು ಸೇರಿಸಿದವನು ಮುಕಾದಮ ಸಂಗಮೇಶ, ಅವನೂ ಕಲಬುರಗಿ ಕಡೆಯವನೇ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಪಾರ್ಸಲುಗಳಿಂದ ಮೊಬೈಲುಗಳು ಕಾಣೆಯಾಗತೊಡಗಿದವು. ಒಂದು ಸಂಜೆ ಗುರಮ್ಮ ಬಂದವಳೇ ಮೂಲೆಯಲ್ಲಿ ಕೂತಳು. ಊಟ ಬೇಡವೆಂದಳು. ಕಾಂಚನಾ ಮತ್ತೆ ಮತ್ತೆ ಕೇಳಿದಳು. ಕೊನೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಹೇಳಿದಳು.

ಪಾಳಿ ಬಿಟ್ಟ ಮೇಲೆ ಕಾವಲುಗಾರರು ಹೆಂಗಸರನ್ನೆಲ್ಲ ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಒಂದು ಖೋಲಿಗೆ ಕರೆದು ಸೀರೆ ಬಿಚ್ಚಿಸಿದ್ದರು. ಒಳಗಿದ್ದವರು ಗಂಡಸರು. ಬಾಗಿಲು ಪೂರ್ತಿ ಮುಚ್ಚಿರಲೂ ಇಲ್ಲ. ಗುರಮ್ಮನ ಮುಂದಿದ್ದವಳು ಮಾಲಾ, ಆರು ವರ್ಷದ ಮಗನ ತಾಯಿ. ಅವಳು ಮುಟ್ಟಾಗಿದ್ದಳು. ಒಳಗೆ ಕಟ್ಟಿಕೊಂಡ ಬಟ್ಟೆಯನ್ನೂ ತೆಗೆದು ತೋರಿಸು ಎಂದರು. ತೋರಿಸಿದಳು. ಅವರು ನಕ್ಕರು.

"ಮೊಬೈಲ್ ಸಿಕ್ತೇನು?" ಎಂದು ಕೇಳಿದವನು ಅಂಬಾದಾಸ.

"ಎಲ್ಲಿಂದ ಸಿಗ್ತದ? ಹೆಂಗಸ್ರು ಒಯ್ದಿದ್ರ ಸಿಗ್ತಿತ್ತು."

ಕಾಂಚನಾ ಎದ್ದು ನಿಂತಿದ್ದಳು. "ಚಿಗವ್ವ, ನಾ ಈಗ ಆಯೋಗದಾಗ ಅದೀನಿ. ಇದನ್ನ ಬಿಡಂಗಿಲ್ಲ."

"ಬ್ಯಾಡವ್ವ. ಕೆಲಸ ಹೋಗ್ತದ. ಆ ಹುಡುಗಿ ಮಾನ ಹೋಗ್ತದ."

"ಮಾನ ಹೋಗಬೇಕಾದದ್ದು ಅವರದು."

ಗುರಮ್ಮ ಆಕೆಯ ಮುಖ ನೋಡಿದಳು. ತಾನು ಬೆಳೆಸಿದ ಮಗಳು ಫೋಟೊದಲ್ಲಿ ನಡುವೆ ಕೂತವಳು. ಕಡೆಗೆ, "ನೀ ಇದ್ದಿ ಅಂದ್ರ ಹೇಳ್ತೀವಿ" ಎಂದಳು.

ಹೆಂಗಸರ ಹೆಸರು ಹಾಕದೆ ಕಾಂಚನಾ ಬರೆದುಕೊಟ್ಟ ದೂರನ್ನು ಆಯೋಗ ತೆಗೆದುಕೊಂಡಿತು. ಅಷ್ಟೇ ಅಲ್ಲ, ತನಿಖಾ ತಂಡವನ್ನೇ ಕಳಿಸಿತು. ನಿವೃತ್ತ ಪೊಲೀಸ್ ಸದಸ್ಯರು, ಒಬ್ಬ ಅಧಿಕಾರಿ, ಜೊತೆಗೆ ಕಾಂಚನಾ. ರಾಯರೇ ಮುಂದೆ ನಿಂತು ಆಕೆಯ ಹೆಸರು ಸೇರಿಸಿದ್ದರು. ಸರ್ಕಾರಿ ಕಾರಿನಲ್ಲಿ ಭಿವಂಡಿಯತ್ತ ಹೋಗುವಾಗ ಆಕೆಗೆ ಹೆತ್ತವ್ವನ ನೆನಪಾಯಿತು. ಆಗ ಕೇಳಲು ಯಾರೂ ಬಂದಿರಲಿಲ್ಲ. ಈಗ ಮಗಳೇ ಬಂದಿದ್ದಾಳೆ ಎಂದುಕೊಂಡಳು.

ಗೋದಾಮಿನ ಮ್ಯಾನೇಜರು ತಣ್ಣನೆಯ ಕ್ಯಾಬಿನ್ನಿನಲ್ಲಿ ಗೋಡಂಬಿ, ಬಿಸ್ಕೀಟು ಇರಿಸಿದ್ದ. ಸದಸ್ಯರು ಕೂತರು. "ಹೆಂಗಸರ ವಿಷಯ. ನಾವಿದ್ದರೆ ಅವರಿಗೆ ಸಂಕೋಚ. ನೀವೇ ಹೋಗಿ ಮಾತಾಡಿ ಬನ್ನಿ ಮೇಡಂ" ಎಂದು ಹಿಂದಿಯಲ್ಲಿ ಹೇಳಿದರು. ಗಂಡಸಿಗೆ ಇಷ್ಟು ಮರ್ಯಾದೆ ಇದೆಯಲ್ಲ ಎಂದು ಕಾಂಚನಾಳಿಗೆ ಅವರ ಮೇಲೆ ಗೌರವ ಬಂತು.

ಊಟದ ಶೆಡ್ಡಿನಲ್ಲಿ ಹೆಂಗಸರು ಆಕೆಯ ಸುತ್ತ ನೆಲದ ಮೇಲೆ ಕೂತರು. ಮೊದಲು ಶೆಡ್ಡಿನ ಬಾಗಿಲ ಕಡೆ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಯಾವ ಕಾವಲುಗಾರ ಕೈ ಎಲ್ಲಿಟ್ಟ, ಯಾರು ಏನೆಂದು ನಕ್ಕ, ಯಾರ ಕುಪ್ಪಸದ ಗುಂಡಿ ಹರಿಯಿತು, ಎಲ್ಲ. ಮಾಲಾ ಕೊನೆಯಲ್ಲಿ ಬಾಯಿ ತೆರೆದಳು. ಮಾತು ಮುಗಿದ ಮೇಲೆ ಆಕೆಯ ಕೈ ಹಿಡಿದುಕೊಂಡಳು.

"ಅಕ್ಕಾ, ನನ್ನ ಗಂಡಗ ಇದು ಗೊತ್ತಿಲ್ಲ. ಗೊತ್ತಾಗಬಾರದು."

"ಗೊತ್ತಾಗಂಗಿಲ್ಲ ತಂಗಿ. ನಾ ಅದೀನಲ್ಲ."

ತಿರುಗಿ ಬರುವಾಗ ಮಾಣಕೋಲಿಯ ಬಳಿ ಲಾರಿಗಳ ಸಾಲಿನಲ್ಲಿ ಕಾರು ಸಿಕ್ಕಿಕೊಂಡಿತು. ಕಾಂಚನಾ ಕೇಳಿದ್ದನ್ನೆಲ್ಲ ಹೇಳಿದಳು. ನಿವೃತ್ತ ಪೊಲೀಸ್ ಸದಸ್ಯರು ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಹೆಸರುಗಳು?" ಎಂದರು.

"ಹೆಸರು ಬೇಡ ಅಂದಿದ್ದಾರೆ" ಎಂದು ಆಕೆ ಹಿಂದಿಯಲ್ಲಿ ಹೇಳಿದಳು.

"ಮೇಡಂ, ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಹೆಸರಿಲ್ಲದ ದೂರು ಗಾಳಿಮಾತು. ಆ ಕಾವಲುಗಾರರು ಶಿಕ್ಷೆಯಾಗದೆ ಹೋಗಲಿ ಅನ್ನುತ್ತೀರಾ? ಹೇಳಿ. ನಮ್ಮ ನಡುವೆಯೇ ಇರುತ್ತದೆ."

ಲಾರಿಗಳು ಕದಲಲಿಲ್ಲ. ಆಕೆ ಕಿಟಕಿಯ ಹೊರಗೆ ನೋಡಿದಳು. ಇಷ್ಟು ದೂರ ಬಂದು ಗಾಳಿಮಾತಾಗುವುದೇ? ಹೇಳಿದಳು. ಮೊದಲ ಹೆಸರು ಮಾಲಾಳದು, ಎರಡನೆಯದು ಗುರಮ್ಮನದು.

ಆಯೋಗದಲ್ಲಿ ಒಂದು ನಿಯಮವಿತ್ತು. ಆಪಾದನೆ ಹೊತ್ತವರಿಗೂ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ಅದಕ್ಕಾಗಿ ದೂರನ್ನು, ಆಕೆ ಕಾರಿನಲ್ಲಿ ಹೇಳಿದ ಹೆಸರು, ವಿವರಗಳ ಸಮೇತ, ಗೋದಾಮಿನ ಆಡಳಿತಕ್ಕೆ ಕಳಿಸಿದರು. ಯಾರೂ ಕೇಡು ಬಗೆದು ಕಳಿಸಿದ್ದಲ್ಲ. ಗುಮಾಸ್ತ ಕಳಿಸಬೇಕಾದ್ದನ್ನು ಕಳಿಸಿದ. ಆಡಳಿತದವರು ಮುಕಾದಮನನ್ನು ಕರೆದರು. ಸಂಗಮೇಶ ಆ ಭಾನುವಾರ ಕೋಳಸೇವಾಡಿಯ ಚಹಾದಂಗಡಿಯ ಮುಂದೆ ನಿಂತು, ಊರ ಗಂಡಸರೆಲ್ಲ ಕೂತಿರುವಾಗ, ಜೋರಾಗಿ ಓದಿದ.

"ಕೇಳ್ರಪ್ಪೋ! ನಮ್ಮ ಹೆಣ್ಮಕ್ಕಳು ಬೇಲಾಪುರಕ್ಕ ಬರಕೊಟ್ಟಾರ. ಬತ್ತಲೆ ನಿಂತಿದ್ರಂತ. ಇಂಥಾಕಿ ಏನೇನ್ ತೆಗೆದು ತೋರ್ಸಿದ್ಲು ಅಂತ ಎಲ್ಲಾ ಅದ ಇದ್ರಾಗ. ಮಾಲಾನ ಗಂಡ ಎಲ್ಲಿದ್ದಾನ? ಬಾರೋ, ನೀನೇ ಓದು."

ಮಾಲಾಳ ಗಂಡ ಅಲ್ಲೇ ಇದ್ದ. ಅವನು ಅವಳನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಕಾಂಚನಾ ಹೋಗಿ ಹೊಸ್ತಿಲಲ್ಲಿ ಕೂರಬಹುದಿತ್ತು. ಅವನು ಅವಳ ಕೈಯ ಅನ್ನ ಬಿಟ್ಟ. ಮಗನಿಗೂ ಅವಳ ಕೈಯಿಂದ ಉಣ್ಣಗೊಡಲಿಲ್ಲ. ಆಮೇಲೆ ಒಂದು ಮುಂಜಾನೆ ಅವಳ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ, ಕಲ್ಯಾಣ ಸ್ಟೇಶನ್ನಿಗೆ ಕರೆದೊಯ್ದು, ಅಫಜಲಪುರದ ತವರಿಗೆ ಹೋಗೆಂದು ಒಬ್ಬಳನ್ನೇ ಗಾಡಿ ಹತ್ತಿಸಿದ. ಮಗನನ್ನು ಕೊಡಲಿಲ್ಲ. ಆ ಹುಡುಗ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತ ಅಳುತ್ತಿದ್ದದ್ದನ್ನು ಕಂಡವನು ಅಂಬಾದಾಸ. ರಿಕ್ಷಾಕ್ಕೆ ಸವಾರಿ ಹುಡುಕುತ್ತ ಸ್ಟೇಶನ್ನಿನೊಳಗೆ ಹೋಗಿದ್ದ ಅವನು ಮನೆಗೆ ಬಂದು ಹೆಂಡತಿಗೆ ಅಷ್ಟನ್ನು ಹೇಳಿ ಮಲಗಿಬಿಟ್ಟ.

ಹೆಸರಿದ್ದ ಹೆಂಗಸರೆಲ್ಲರ ಕೆಲಸ ಹೋಯಿತು. ಗುರಮ್ಮನದೂ ಹೋಯಿತು.

ಆಯೋಗದ ತೀರ್ಮಾನವನ್ನು ರಾಯರು ಆಕೆಗೆ ಬಾಯಿಮಾತಿನಲ್ಲಿ ತಿಳಿಸಿದರು. ಬೇಲಾಪುರ ಸ್ಟೇಶನ್ ಎದುರಿನ ಹೋಟೆಲಿನಲ್ಲಿ ಕಾಫಿ ತರಿಸಿ, ಸಕ್ಕರೆ ಕಲಕಿ, ಆಕೆಯ ಮುಂದೆ ಸರಿಸಿದರು.

"ವಿಶೇಷ ಸದಸ್ಯರಿಗೆ ಹೇಳಿಕೆ ಬರ್ಕೊಳ್ಳುವ ಅಧಿಕಾರ ಇಲ್ಲ ಅಲ್ವಾ. ಹಾಗಾಗಿ ನಿಮಗೆ ಅವರು ಹೇಳಿದ್ದು ಸಾಕ್ಷಿ ಅಂತ ದಾಖಲೆಗೆ ಬರುದಿಲ್ಲ. ಅಧಿಕಾರ ಇದ್ದ ಸದಸ್ಯರ ಎದುರು ಯಾವ ಹೆಂಗಸೂ ಬಾಯಿ ಬಿಡ್ಲಿಲ್ಲ."

"ಅವ್ರು ಕ್ಯಾಬಿನ್ನಾಗ ಗೋಡಂಬಿ ತಿನ್ಲತ್ತಿದ್ರು, ಸಾಹೇಬ್ರ."

"ಇರ್ಬಹುದು. ಆದ್ರೆ ತಂಡದಲ್ಲಿ ಹೆಂಗಸಿದ್ರು, ದಲಿತೆ ಇದ್ರು, ಅವರದೇ ಭಾಷೆಯವರಿದ್ರು. ಅಂದ ಮೇಲೆ ಹೇಳ್ಲಿಕ್ಕೆ ಪೂರ್ತಿ ಅವಕಾಶ ಇತ್ತು ಅಂತ ಲೆಕ್ಕ. ಆದ್ರೂ ಹೇಳ್ಲಿಲ್ಲ ಅಂದ್ರೆ ದೂರು ನಿಲ್ಲುದಿಲ್ಲ. ಮುಗಿಸಿದ್ದಾರೆ."

ಕಾಂಚನಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಾಫಿ ಮುಟ್ಟಲಾಗಲಿಲ್ಲ. ಅವರ ಲೆಕ್ಕದಲ್ಲಿ ತಾನು ಕೇಳಿದ್ದು ಕೇಳಿದಂತೆ ಅಲ್ಲ. ಆದರೆ ತಾನು ಅಲ್ಲಿ ಇದ್ದದ್ದು ಮಾತ್ರ ಇದ್ದಂತೆ.

"ಹಂಗಾದ್ರ ನನ್ನ ಯಾಕ ಕಳ್ಸಿದ್ರಿ?"

"ನೀವಿಲ್ಲದಿದ್ರೆ ತಂಡದಲ್ಲಿ ಹೆಂಗಸೇ ಇಲ್ಲ ಅಂತ ಆಗ್ತಿತ್ತು" ಎಂದರು ರಾಯರು. ಅವರ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿ ಬೇಸರವಿತ್ತು. "ನನ್ನ ಮನೆಯವರೂ ಕೇಳಿ ಅತ್ತರು. ಹೆಂಡತಿ ಸುಗುಣಾ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಆದ್ರೆ ರೂಲ್ಸ್ ನಾನು ಮಾಡಿದ್ದಲ್ಲ."

"ನಾ ಬಿಡ್ತೀನ್ರಿ."

"ಬಿಟ್ರೆ ಎಂತ ಆಗ್ತದೆ? ಹೊರದೇಶದವರು ಬರುವ ತಿಂಗಳು ಬರ್ತಾರೆ. ನೀವಿದ್ರೆ ಅವರ ಎದುರೇ ಹೇಳ್ಬಹುದು. ಎಲ್ಲ ಹೇಳಿ. ನಾನು ತಡೆಯುದಿಲ್ಲ. ಅವರು ಹೇಳಿದ್ರೆ ಇವರು ಕೇಳ್ಲೇಬೇಕು."

ಆಕೆ ಉಳಿದಳು.

ಸಾಕ್ಷಿಗೆ ಬರಬೇಕೆಂದು ಕೇಳಲು ಗುರಮ್ಮನ ಬಳಿ ಹೋದಳು. ಗುರಮ್ಮ ಆಗಲೇ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ಅಂಚಿಗೆ ಖೋಲಿ ಬದಲಿಸಿದ್ದಳು. ಕೋಳಸೇವಾಡಿಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಗಿತ್ತು. ರಾಸಾಯನಿಕ ತುಂಬಿ ಬಂದ ಖಾಲಿ ಡ್ರಮ್ಮುಗಳನ್ನು ತೊಳೆಯುವ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತ್ತು.

"ಚಿಗವ್ವ, ಒಂದೇ ಸಲ ಬಾ. ಫಾರಿನ್‌ದವ್ರು ಅದಾರ. ನೀ ನಿನ್ನ ಬಾಯಿಲೆ ಹೇಳು."

"ನಿನಗ ಹೇಳಿದ್ದೇ ಸಾಕಾಗ್ಯದ" ಎಂದಳು ಗುರಮ್ಮ.

ಪರಿಶೀಲನೆಗೆ ಬಂದ ತಂಡದಲ್ಲಿ ಮೂವರಿದ್ದರು. ಮುಖ್ಯಸ್ಥೆ ಬೆಳ್ಳಿಗೂದಲ ಒಬ್ಬ ಹೆಂಗಸು, ದೂರದ ಯಾವುದೋ ದೇಶದವಳು. ಕಾಂಚನಾ ಇಳಕಲ್ ಸೀರೆ ಉಟ್ಟುಕೊಂಡಿರಲಿಲ್ಲ. ದಿನದ ಸೀರೆಯಲ್ಲೇ ಹೋದಳು. ತನ್ನ ಸರದಿ ಬಂದಾಗ ಹಿಂದಿಯಲ್ಲಿ ಮಾತಾಡಿದಳು. ಅಧ್ಯಕ್ಷರ ಎದುರು, ಪೊಲೀಸ್ ಸದಸ್ಯರ ಎದುರು, ಯಾವುದನ್ನೂ ಮುಚ್ಚಲಿಲ್ಲ. ಮೇಜಿನ ತುದಿಯ ಜಾಗ, ಇಲ್ಲದ ಮತ, ಖೋಲಿ, ಅರೆತೆರೆದ ಬಾಗಿಲು, ಕಾರಿನಲ್ಲಿ ತಾನು ಕೊಟ್ಟ ಹೆಸರುಗಳು, ತಾಯಿಯಿಂದ ಅಗಲಿಸಿದ ಮಗು, ಎಲ್ಲ ಹೇಳಿದಳು. "ನನ್ನನ್ನು ಇಲ್ಲಿ ಕೂರಿಸಿದ್ದು ನಾನು ಕೇಳಲಿ ಅಂತ ಅಲ್ಲ, ನಾನು ಕಾಣಲಿ ಅಂತ" ಎಂದಳು. ಅನುಷ್ಕಾ ಎಂಬ ತರುಣಿ ಅದನ್ನು ಇಂಗ್ಲಿಷಿಗೆ ಹೇಳುತ್ತಿದ್ದಳು. ಒಂದಕ್ಷರ ಬಿಡಲಿಲ್ಲ. ಮಾತು ಮುಗಿಯಿತು. ಆಮೇಲೆ ಬೆಳ್ಳಿಗೂದಲ ಹೆಂಗಸು ಎದ್ದು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೊಲೀಸ್ ಸದಸ್ಯರೂ ತಟ್ಟಿದರು.

ಅಂದು ಟ್ರೇನಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಬೆವರಿನ ಗುಂಪಿನಲ್ಲಿ ಒತ್ತಿಸಿಕೊಂಡು ನಿಂತಿದ್ದರೂ ಕಾಂಚನಾಳಿಗೆ ಎಷ್ಟೋ ತಿಂಗಳ ಮೇಲೆ ಮೈ ಹಗುರವೆನ್ನಿಸಿತು.

ಚಳಿ ಇಳಿಯುವ ಹೊತ್ತಿಗೆ ಪುಂಡರೀಕಾಕ್ಷ ರಾಯರು ತಾವೇ ಕಲ್ಯಾಣಕ್ಕೆ ಬಂದರು. ಗಲ್ಲಿಯ ಗಟಾರ ದಾಟಿ, ಕಾಜು ಕತ್ಲಿಯ ಡಬ್ಬಿ ಹಿಡಿದು, ಆಕೆಯ ಖೋಲಿಯ ಬಾಗಿಲಲ್ಲಿ ನಿಂತರು. ಮುಖದಲ್ಲಿ ಸಂತೋಷ ಹಿಡಿಸದಷ್ಟಿತ್ತು.

"ಎ ದರ್ಜೆ ಸಿಕ್ಕಿತು ಮಾರಾಯ್ರೆ! ನಿಮ್ಮಿಂದಲೇ."

"ನನ್ನಿಂದ?"

"ಮತ್ತೆ! ಅವರು ಬರೆದಿದ್ದಾರೆ. ತುಳಿತಕ್ಕೆ ಒಳಗಾದ ಸಮುದಾಯದ ಒಬ್ಬ ಹೆಂಗಸು ಅಧ್ಯಕ್ಷರ ಎದುರೇ ಆಯೋಗವನ್ನು ಇಷ್ಟು ನಿರ್ಭಯವಾಗಿ ಟೀಕಿಸಬಹುದು ಅಂದ್ರೆ, ಈ ಆಯೋಗದಲ್ಲಿ ಭಿನ್ನಮತಕ್ಕೆ ಎಷ್ಟು ಜಾಗ ಉಂಟು ಅಂತ ಕಾಣ್ತದೆ ಅಂತ. ಇಂಥದ್ದು ಬೇರೆ ಎಲ್ಲೂ ನೋಡ್ಲಿಲ್ಲ ಅಂತ. ನೀವು ಹೊಗಳಿದ್ರೆ ಸಿಗ್ತಿರ್ಲಿಲ್ಲ. ನಾವು ಹೇಳಿಕೊಟ್ಟದ್ದು ಅಂತಿದ್ರು."

ಒಳಗೆ ಓದುತ್ತ ಕೂತಿದ್ದ ತೃಷಾ ತಲೆಯೆತ್ತಿದಳು. ಖಾರಘರದ ಕಾಲೇಜಿನಲ್ಲಿ ಓದುವ ಅವಳಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ಅಂಕಲ್, ಔರ್ ಮಾಲಾ ಮೌಸಿ ಕಾ ಕ್ಯಾ ಹುವಾ?" ಎಂದು, ಮಾಲಾಳ ವಿಷಯ ಏನಾಯಿತೆಂದು, ಹಿಂದಿಯಲ್ಲಿ ಕೇಳಿದಳು.

ರಾಯರು ಡಬ್ಬಿಯನ್ನು ಕಾಂಚನಾಳ ಕೈಗೆ ಕೊಟ್ಟರು. "ಅದು ಕ್ಲೋಸ್ ಆಗಿದೆ ಅಲ್ವಾ ಮಗಾ" ಎಂದರು. ಆಮೇಲೆ ಕಾಂಚನಾಳ ಕಡೆ ತಿರುಗಿದರು. "ಇನ್ನೊಂದು ವಿಷಯ. ನಿಮ್ಮ ಅವಧಿ ಈ ತಿಂಗಳು ಮುಗೀತದೆ. ಅವರು ಒಂದು ಸಲಹೆ ಕೊಟ್ಟಿದ್ದಾರೆ, ತೃತೀಯ ಲಿಂಗದವರು ಯಾರೂ ಇಲ್ಲ, ಅವರನ್ನೂ ತೆಗೊಳ್ಳಿ ಅಂತ. ತುರ್ಭೆಯಲ್ಲಿ ಉಮಾವತಿ ಅಂತ ಒಬ್ಬರು ಇದ್ದಾರೆ, ವಿಜಯಪುರದವರು, ನಿಮ್ಮ ಊರ ಕಡೆಯವರೇ. ಒಪ್ಪಿದ್ದಾರೆ."

"ಚಲೋ ಆಯ್ತಲ್ರಿ. ಅವರೂ ಇರಲಿ, ನಾನೂ ಇರ್ತೀನಿ."

"ಸೀಟು ಒಂದೇ ಅಲ್ವಾ" ಎಂದರು ರಾಯರು.

ಉಳಿದ ಕುರ್ಚಿಗಳಲ್ಲಿ ಯಾರು ಕೂರುತ್ತಾರೆಂದು ಆಕೆ ಕೇಳಲಿಲ್ಲ. ಅಲ್ಲಿ ಕೂತವರು ಅಲ್ಲೇ ಕೂರುತ್ತಾರೆ. ಬದಲಾಗುವುದು ಇದೊಂದೇ. ರಾಯರು ಚಹಾ ಕುಡಿದು, ಲೋಟವನ್ನು ಜೋಪಾನವಾಗಿ ನೆಲದ ಮೇಲಿಟ್ಟು, ಕೈ ಮುಗಿದು ಹೊರಟರು. ತೃಷಾ ಡಬ್ಬಿಯನ್ನು ತೆಗೆದು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು ಬಂದಳು.

ಕಾಂಚನಾ ಉಮಾವತಿಯ ನಂಬರು ಹುಡುಕಿ ಫೋನು ಮಾಡಿದಳು. ತನಗಾದದ್ದನ್ನು ಹೇಳಿದಳು. ಯಾರ ಹೆಸರನ್ನೂ ಅವರಿಗೆ ಕೊಡಬೇಡ, ನಿನ್ನ ಮಂದಿಯನ್ನು ಅಲ್ಲಿಗೆ ಒಯ್ಯಬೇಡ ಎಂದಳು. ಆ ಕಡೆ ಉಮಾವತಿ ಕೊನೆಯ ತನಕ ಕೇಳಿಸಿಕೊಂಡಳು. ಹುಟ್ಟಿದಾಗಿನಿಂದ ಯಾವ ಮೇಜಿಗೂ ಕರೆಯಿಸಿಕೊಳ್ಳದವಳು, ಸಿಗ್ನಲ್ಲಿನಲ್ಲಿ ಕೈ ಚಾಚಿ ಹೊಟ್ಟೆ ಹೊರೆದವಳು.

"ಅಕ್ಕಾ, ಖರೇ ಹೇಳ್ಲೇನು?" ಎಂದಳು. "ಕುರ್ಚಿ ಹೋಯ್ತಂತ ಹೊಟ್ಟಿ ಉರ್ಕೋಬ್ಯಾಡ. ನಿನಗ ನಡಸಾಕ ಬರಲಿಲ್ಲ. ನಂಗ ಬರ್ತೈತಿ."

ಉಮಾವತಿ ಫೋನು ಇಟ್ಟಳು. ಅವಳ ಮೇಲೆ ಕಾಂಚನಾಳಿಗೆ ಸಿಟ್ಟು ಬರಲಿಲ್ಲ. ತಾನೂ ಅದೇ ಉತ್ತರ ಕೊಡುತ್ತಿದ್ದೆ ಎನ್ನಿಸಿತು.

ಆಮೇಲೆ ಕೋಳಸೇವಾಡಿಯಲ್ಲಿ ಆಕೆಯ ಬಾಗಿಲು ಬಡಿಯುವವರು ಕಡಿಮೆಯಾದರು. ನಳದ ಬಳಿ ಆಕೆ ಹೋದರೆ ಮಾತು ಸಣ್ಣದಾಗುತ್ತಿತ್ತು. ಯಾರೂ ಬೈಯಲಿಲ್ಲ, ಎದುರಾದರೆ ನಗುತ್ತಿದ್ದರು, ಕೊಡ ಮುಂದಿಡಲು ಜಾಗವನ್ನೂ ಕೊಡುತ್ತಿದ್ದರು. ಹಿಂದಿನ ಓಣಿಯಲ್ಲಿ ಒಂದು ದಿನ ಹೆಂಗಸೊಬ್ಬಳ ಚೀರಾಟ ಕೇಳಿ ಎಂದಿನಂತೆ ಹೋಗಿ ಹೊಸ್ತಿಲಲ್ಲಿ ಕೂರಲು ನೋಡಿದಳು. ಹೊಡೆತ ತಿಂದವಳೇ ತುಟಿಯ ರಕ್ತ ಒರೆಸಿಕೊಳ್ಳುತ್ತ ಬಂದು ಬಾಗಿಲು ಹಾಕಿಕೊಂಡಳು.

ಗುರಮ್ಮನಿಗೆ ಶೆಡ್ಡಿನಲ್ಲಿ ಏನೋ ಆಗಿದೆ ಎಂಬ ಸುದ್ದಿ ಬಂದದ್ದು ಬೇಸಿಗೆಯಲ್ಲಿ, ಅದೂ ಮೂರನೆಯವರಿಂದ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ಎಂಥದೋ ಆಸಿಡ್ಡು ಮೊಣಕೈ ತನಕ ಸಿಡಿದಿತ್ತಂತೆ. ಕಾಂಚನಾ ಡೊಂಬಿವಲಿಗೆ ಓಡಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಭಾಗದ ಗಾಳಿ ಕಣ್ಣು ಉರಿಸುತ್ತಿತ್ತು. ಗುರಮ್ಮ ಖೋಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಕಾಂಚನಾಳನ್ನು ಕಂಡದ್ದೇ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚಿಗವ್ವ, ಕೈ ತೋರ್ಸು."

"ಏನೂ ಆಗಿಲ್ಲ."

"ದವಾಖಾನಿಗಿ ಹೋಗಮ್ ನಡಿ. ಮಾಲೀಕ್ನ ಮ್ಯಾಲ ಕೇಸ್..."

"ಏನೂ ಆಗಿಲ್ಲ ಅಂದೆನಲ್ಲ. ಯಾರಿಗೂ ಏನೂ ಆಗಿಲ್ಲ. ನೀ ಯಾರ ಮುಂದೂ ಹೇಳಬ್ಯಾಡ."

ಆ ಧ್ವನಿಯನ್ನು ಕಾಂಚನಾ ಬಲ್ಲಳು. ಚಾಳಿನ ಹೆಂಗಸರು ಪೊಲೀಸರು ಬಂದಾಗ, ಸರ್ವೇ ಮಾಡುವವರು ಬಂದಾಗ, ಮುಕಾದಮನ ಮುಂದೆ ನಿಂತಾಗ ಆಡುವ ಧ್ವನಿ ಅದು. ತನ್ನನ್ನು ಸೆರಗಿಗೆ ಕಟ್ಟಿಕೊಂಡು ಇಟ್ಟಿಗೆ ಹೊತ್ತವಳ ಬಾಯಿಂದ ಅದು ತನ್ನ ಕಡೆಗೆ ಬಂದದ್ದು ಅದೇ ಮೊದಲು.

ಗುರಮ್ಮ ಎದ್ದು ಎಡಗೈಯಿಂದ ಸ್ಟೋವ್ ಹಚ್ಚಿದಳು. ನೀರು ಇಡಲು, ಪುಡಿ ಹಾಕಲು, ಸೋಸಲು ಬಹಳ ಹೊತ್ತು ಹಿಡಿಯಿತು. ಕಾಂಚನಾ ನೆರವಿಗೆ ಹೋದಾಗ ಎಡ ಮೊಣಕೈಯಿಂದಲೇ ತಳ್ಳಿ, "ಕೂಡು, ನೀ ಬ್ಯಾರೆ ಊರಿಂದ ಬಂದಾಕಿ" ಎಂದಳು. ಸೆರಗಿನ ಅಂಚಿನಲ್ಲಿ ಹಳದಿ ನೀರು ಜಿನುಗಿ ಕಲೆಯಾಗಿತ್ತು. ಇಬ್ಬರೂ ಅದನ್ನು ಕಾಣದವರಂತೆ ಇದ್ದರು.

ಕಾಂಚನಾ ಚಹಾ ಕುಡಿದಳು. ಗುರಮ್ಮ ತೃಷಾಳ ಓದಿನ ಬಗ್ಗೆ ಕೇಳಿದಳು, ಅಂಬಾದಾಸನ ಬೆನ್ನುನೋವಿನ ಬಗ್ಗೆ ಕೇಳಿದಳು. ನೆಂಟರನ್ನು ಕೇಳುವ ಹಾಗೆ. ಬಿಸಿಲು ಬಾಗಿಲಿಂದ ಸರಿದ ಮೇಲೆ, "ಗಾಡಿ ಗರ್ದಿ ಆಗೂಕ್ಕಿಂತ ಮೊದಲ ಹೋಗು" ಎಂದಳು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿರುವಾಗ ಹಿಂದೆ ಚಿಲಕ ಹಾಕಿಕೊಂಡ ಸದ್ದಾಯಿತು. ಎಡಗೈಯಲ್ಲಿ ಹಾಕಿದ್ದರಿಂದ ಅದು ಒಂದೇ ಸಲಕ್ಕೆ ಕೂರಲಿಲ್ಲ.